ಹಳೆಯ ಲಾರಿಯ ಸ್ಟೇರಿಂಗ್ ಆಟ: ಸ್ಕ್ರೂ, ಕೀಲು, ಕಿಂಗ್ ಪಿನ್, ಬಾಕ್ಸ್ – ಹಣ ಮೊದಲು ಎಲ್ಲಿಗೆ?

ಮಳೆಗಾಲ ಕಳೆದು ಚಿರೇಕಲ್ಲಿನ ಕ್ವಾರಿಗಳಲ್ಲಿ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ, ಹೊನ್ನಾವರದಿಂದ ಅಂಕೋಲೆಯವರೆಗಿನ ಗ್ಯಾರೇಜುಗಳ ಅಂಗಳದಲ್ಲಿ ಮುಂದಿನ ಗಾಲಿ ಕಳಚಿಕೊಂಡ ಹಳೆಯ ಲಾರಿಗಳು ನಿಂತಿರುವುದು ನಮ್ಮ ಕಡೆ ಪ್ರತಿ ವರ್ಷದ ನೋಟ. ನಾಲ್ಕು ತಿಂಗಳು ಹೊಂಡದ ನೀರಿನಲ್ಲಿ ಮುಳುಗೇಳುತ್ತ ಓಡಿದ ಗಾಡಿಗಳ ದೂರು ಬಹುತೇಕ ಒಂದೇ: ಸ್ಟೇರಿಂಗ್ ಆಟ ಹೆಚ್ಚಾಗಿದೆ, ವ್ಹೀಲನ್ನು ಅರ್ಧ ಗೇಣು ತಿರುಗಿಸಿದರೂ ಗಾಲಿ ಅಲುಗುವುದಿಲ್ಲ, ಹೆದ್ದಾರಿಯಲ್ಲಿ ಎದುರಿನಿಂದ ಬಸ್ಸು ಬಂದರೆ ಎದೆ ಝಲ್ಲೆನ್ನುತ್ತದೆ. ಒಬ್ಬ ಮೆಕ್ಯಾನಿಕ್ ಸ್ಟೇರಿಂಗ್ ಬಾಕ್ಸಿನ, ಅಂದರೆ ವ್ಹೀಲಿನ ತಿರುವನ್ನು ಗಾಲಿಯ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆಯ, ಸ್ಕ್ರೂ ಬಿಗಿಸಿದರೆ ಸಾಕು ಎನ್ನುತ್ತಾನೆ. ಇನ್ನೊಬ್ಬ ಮುಂಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಹೋಗಿದೆ ಎನ್ನುತ್ತಾನೆ. ಮೂರನೆಯವ ಹುಬ್ಬಳ್ಳಿಯಿಂದ ಬೇರೆ ಬಾಕ್ಸನ್ನೇ ತರಿಸಿ ಎನ್ನುತ್ತಾನೆ. ಲಾರಿ ಇಟ್ಟುಕೊಂಡ ಗೆಳೆಯನೊಬ್ಬ ಪವರ್ ಸ್ಟೇರಿಂಗ್ ಹಾಕಿಸಿ ಕೈ ತೊಳೆದುಕೊಳ್ಳಿ ಎಂದು ಬುದ್ಧಿ ಹೇಳುತ್ತಾನೆ. ಈ ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ಯಾವ ಗಾಡಿಗೆ, ಯಾವ ರಸ್ತೆಗೆ, ಎಷ್ಟು ದಿನಕ್ಕೆ ಎಂಬ ಪ್ರಶ್ನೆಯನ್ನು ಯಾರೂ ಮೊದಲು ಕೇಳದಿರುವುದರಿಂದಲೇ ಮಾಲೀಕನಿಗೆ ಗೊಂದಲವಾಗುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಹಲವು ವರ್ಷ ಒಂದೇ ಹಳೆಯ ಆರು ಗಾಲಿಯ ಲಾರಿಯನ್ನು ಕುಮಟೆಯಲ್ಲಿ ಇಟ್ಟುಕೊಂಡು, ಅದರ ಕೆಳಗೆ ಮಲಗಿ, ಮೇಲೆ ಹೇಳಿದ ಮೊದಲ ಮೂರು ಸಲಹೆಗಳಿಗೂ ಒಂದಲ್ಲ ಒಂದು ಸಲ ದುಡ್ಡು ಕೊಟ್ಟವನು. ಇಲ್ಲಿ ಬರೆದಿರುವುದು ಮುಖ್ಯವಾಗಿ ಮುಂದೆ ಗಟ್ಟಿ ಆಕ್ಸಲ್, ಪಾಟಾ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮತ್ತು ಒಳಗೆ ಬಾಲ್ (ಉಕ್ಕಿನ ಗುಂಡು) ಓಡುವ ಸ್ಟೇರಿಂಗ್ ಬಾಕ್ಸ್ ಉಳ್ಳ ಹಳೆಯ ಟಾಟಾ, ಲೇಲ್ಯಾಂಡ್, ಐಶರ್ ಮಾದರಿಯ ಸರಕು ಗಾಡಿಗಳಿಗೆ ಅನ್ವಯಿಸುತ್ತದೆ.

ತೂಗುವ ಮೊದಲು ತಕ್ಕಡಿ

ಆಯ್ಕೆಗಳನ್ನು ಹೋಲಿಸಲು ನಾನು ನಾಲ್ಕು ಅಳತೆಗೋಲುಗಳನ್ನು ಬಳಸುತ್ತೇನೆ. ಮೊದಲನೆಯದು, ಸವೆದ ಭಾಗ ಕೈಕೊಟ್ಟರೆ ಏನಾಗುತ್ತದೆ ಎಂಬುದು. ಅದು ಬರೀ ಸಡಿಲವಾಗಿಯೇ ಉಳಿಯುತ್ತದೆಯೇ, ಇಲ್ಲ ಕಳಚಿ ಬೀಳುತ್ತದೆಯೇ. ಎರಡನೆಯದು, ಗಾಡಿ ಓಡುವ ದಾರಿ. 66ನೇ ರಾಷ್ಟ್ರೀಯ ಹೆದ್ದಾರಿಯ ಸಮತಟ್ಟಿನಲ್ಲಿ ಕಾರವಾರ–ಭಟ್ಕಳ ಮಾಡುವ ಗಾಡಿಗೂ, ವಾರಕ್ಕೆ ಮೂರು ಸಲ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ತುಂಬಿದ ಲೋಡಿನಲ್ಲಿ ಹತ್ತಿ ಇಳಿಯುವ ಗಾಡಿಗೂ ಒಂದೇ ಉತ್ತರ ಹೊಂದುವುದಿಲ್ಲ. ಮೂರನೆಯದು, ಗಾಡಿಯನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದು. ನಾಲ್ಕನೆಯದು, ಗಾಡಿ ನಿಲ್ಲುವ ದಿನಗಳು. ಸಾಮಾನಿನ ಬೆಲೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಆದರೆ ಹುಬ್ಬಳ್ಳಿಯಿಂದ ಒಂದು ಬುಷ್ (ಪಿನ್ನು ಕೂರುವ ಲೋಹದ ಬಳೆ) ಬರುವವರೆಗೆ ಗ್ಯಾರೇಜಿನಲ್ಲಿ ಕೊಳೆಯುವ ಮೂರು ದಿನಗಳ ಬಾಡಿಗೆಯನ್ನು ಬಿಲ್ಲಿಗೆ ಸೇರಿಸುವವರು ಕಡಿಮೆ.

ಈ ನಾಲ್ಕರಲ್ಲಿ ಮೊದಲನೆಯದಕ್ಕೆ ನಾನು ಕೊಡುವ ತೂಕ ಉಳಿದ ಮೂರಕ್ಕೂ ಸೇರಿಸಿ ಕೊಡುವುದಕ್ಕಿಂತ ಹೆಚ್ಚು. ಡ್ರೈವರನ ಕೈಗೆ ಅತಿ ಹೆಚ್ಚು ಕಿರಿಕಿರಿ ಕೊಡುವ ಸವೆತವೇ ಅತಿ ಅಪಾಯದ ಸವೆತ ಎಂದು ನಾವೆಲ್ಲ ಭಾವಿಸುತ್ತೇವೆ, ಆದರೆ ಎಷ್ಟೋ ಸಲ ಸಂಗತಿ ತಿರುಗುಮುರುಗಾಗಿರುತ್ತದೆ. ಬಾಕ್ಸಿನೊಳಗಿನ ಆಟ ದಿನವಿಡೀ ಗೊತ್ತಾಗುತ್ತಲೇ ಇರುತ್ತದೆ, ಮತ್ತು ನಿಧಾನವಾಗಿ ಬೆಳೆಯುತ್ತದೆ. ಎರಡೂ ಮುಂಗಾಲಿಗಳನ್ನು ಜೋಡಿಸುವ ಟೈ ರಾಡಿನ ತುದಿಯ ಬಾಲ್ ಜಾಯಿಂಟ್ (ಗುಂಡಿನ ಕೀಲು) ಮಾತ್ರ ಕೈಗೆ ಹೆಚ್ಚೇನೂ ಹೇಳದೆ ಸವೆದು, ಒಂದು ದಿನ ಗೂಡಿನಿಂದ ಹೊರಗೆ ಬರುತ್ತದೆ. ಆಗ ಒಂದು ಗಾಲಿ ಗಟಾರದ ಕಡೆಗೂ ಇನ್ನೊಂದು ರಸ್ತೆಯ ಕಡೆಗೂ ಮುಖ ಮಾಡುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ವ್ಹೀಲಿನಲ್ಲಿ ಆಟ 30 ಡಿಗ್ರಿ ಮೀರಬಾರದು. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವುದು ಇಷ್ಟೇ. ಅದೇ ನಿಯಮ ಇನ್ನೂ ಎರಡು ಮಾತು ಹೇಳುತ್ತದೆ: ಸ್ಟೇರಿಂಗಿನ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಬೇಕು, ಮತ್ತು ಬೋಲ್ಟು, ಪಿನ್ನುಗಳು ಕಳಚಿಕೊಳ್ಳದಂತೆ ಲಾಕ್ ಆಗಿರಬೇಕು. ಎಂಟು ವರ್ಷ ದಾಟಿದ ಸಾರಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಲೇಬೇಕಾದ್ದರಿಂದ, ಗಾಡಿಯ ನಂಬರು ಕಾರವಾರದ ಕೆಎ 30 ಇರಲಿ, ಶಿರಸಿಯ 31 ಇರಲಿ, ಹೊನ್ನಾವರದ 47 ಇರಲಿ, ಈ ಮೂರೂ ಮಾತುಗಳು ನಮಗೆ ವರ್ಷಕ್ಕೊಮ್ಮೆಯಾದರೂ ಎದುರಾಗುತ್ತವೆ.

30 ಡಿಗ್ರಿ ಎಂದರೆ ಎಷ್ಟು? 50 ಸೆಂ.ಮೀ. ಅಡ್ಡಳತೆಯ ವ್ಹೀಲಿನ ಅಂಚಿನಲ್ಲಿ ಸುಮಾರು 13 ಸೆಂ.ಮೀ. ಅಷ್ಟು ಆಟವನ್ನು ಕಾನೂನು ಬಿಟ್ಟರೂ ಘಟ್ಟ ಬಿಡುವುದಿಲ್ಲ. ನನ್ನ ಮಟ್ಟಿಗೆ 5–6 ಸೆಂ.ಮೀ. ದಾಟಿದರೆ ಲಾರಿಯ ಕೆಳಗೆ ಮಲಗುವ ದಿನ ಬಂತೆಂದೇ ಅರ್ಥ.

ಆಟ ಎಲ್ಲಿದೆ ಎಂದು ಗೊತ್ತಾಗದೆ ಆಯ್ಕೆ ಇಲ್ಲ

ಇದಕ್ಕೆ ಬೇಕಾದುದು ಇಬ್ಬರು ಮನುಷ್ಯರು, ಒಂದು ಟಾರ್ಚು, ಒಂದು ಜಾಕ್. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಗಾಲಿ ನೆಟ್ಟಗೆ ಇರುವಂತೆ ನಿಲ್ಲಿಸಿ, ಒಬ್ಬರು ಕ್ಯಾಬಿನಿನಲ್ಲಿ ಕುಳಿತು ವ್ಹೀಲನ್ನು ಆಟದ ಮಿತಿಯೊಳಗೆ ಎಡಬಲಕ್ಕೆ ಅಲುಗಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಲನೆ ಎಲ್ಲಿಯವರೆಗೆ ಬಂದು ಎಲ್ಲಿ ಸಾಯುತ್ತದೆ ಎಂದು ನೋಡಬೇಕು. ಪವರ್ ಸ್ಟೇರಿಂಗ್ ಇರುವ ಗಾಡಿಯಾದರೆ ಇಂಜಿನ್ ಚಾಲೂ ಇರಬೇಕು, ಇಲ್ಲವಾದರೆ ಬಾಕ್ಸಿನ ಒಳಗಿನ ರಚನೆಯಿಂದಲೇ ಆಟವಿದ್ದಂತೆ ಕಾಣುತ್ತದೆ. ಆಗ ಹ್ಯಾಂಡ್ ಬ್ರೇಕ್ ಹಾಕಿ ಗಾಲಿಗೆ ಕಲ್ಲು ಕೊಡುವುದನ್ನು ಮರೆಯಬಾರದು. ಸ್ಟೇರಿಂಗ್ ಕೋಲು ತಿರುಗಿದರೂ ಬಾಕ್ಸಿಗೆ ಹೋಗುವ ಶಾಫ್ಟ್ ತಡವಾಗಿ ತಿರುಗಿದರೆ ನಡುವಿನ ಕ್ರಾಸ್ ಜಾಯಿಂಟ್ ಹೋಗಿದೆ. ಬಾಕ್ಸೇ ಚಾಸಿಯ ಮೇಲೆ ಜರುಗುತ್ತಿದ್ದರೆ ಬೋಲ್ಟು ಸಡಿಲಾಗಿವೆ, ಅಥವಾ ಉಪ್ಪುಗಾಳಿಗೆ ತುಕ್ಕು ಹಿಡಿದ ಚಾಸಿ ಅಲ್ಲೇ ಬಿರುಕು ಬಿಟ್ಟಿದೆ. ಇದನ್ನು ಕರಾವಳಿಯ ಗಾಡಿಗಳಲ್ಲಿ ಬಣ್ಣ ಕೆರೆದು ನೋಡುವುದು ಒಳ್ಳೆಯದು. ಬಾಕ್ಸಿನ ಒಳಶಾಫ್ಟ್ ತಿರುಗಿದರೂ ಬಾಕ್ಸಿನ ಹೊರಗಿನ ತೋಳಾದ ಡ್ರಾಪ್ ಆರ್ಮ್ ತಡಮಾಡಿದರೆ ದೋಷ ಬಾಕ್ಸಿನದ್ದು. ಡ್ರಾಪ್ ಆರ್ಮ್ ಕೂಡಲೇ ಅಲುಗಿ, ಅದನ್ನು ಗಾಲಿಯ ಕಡೆಗೆ ಜೋಡಿಸುವ ಕೊಂಡಿಯಾದ ಡ್ರ್ಯಾಗ್ ಲಿಂಕ್ ಮಾತ್ರ ಹಿಂದೆ ಉಳಿದರೆ ದೋಷ ಕೀಲಿನದ್ದು.

ಇಲ್ಲೊಂದು ಚಿಕ್ಕ ಲೆಕ್ಕ ಕೊಡುತ್ತೇನೆ, ಏಕೆಂದರೆ ಇದು ನನ್ನ ಹಣ ಉಳಿಸಿದೆ. ಡ್ರಾಪ್ ಆರ್ಮಿನ ಉದ್ದ 20 ಸೆಂ.ಮೀ., ಬಾಕ್ಸಿನ ಅನುಪಾತ 20ಕ್ಕೆ 1, ವ್ಹೀಲಿನ ಅಡ್ಡಳತೆ 50 ಸೆಂ.ಮೀ. ಎಂದು ಇಟ್ಟುಕೊಂಡರೆ, ಡ್ರ್ಯಾಗ್ ಲಿಂಕಿನ ಕೀಲಿನಲ್ಲಿ ಆದ ಒಂದೇ ಒಂದು ಮಿ.ಮೀ. ಸವೆತ ವ್ಹೀಲಿನ ಅಂಚಿನಲ್ಲಿ ಎರಡೂವರೆ ಸೆಂ.ಮೀ. ಆಟವಾಗಿ ಕಾಣಿಸುತ್ತದೆ. ಎರಡು ತುದಿಗಳಲ್ಲೂ ಒಂದೊಂದು ಮಿ.ಮೀ. ಸವೆದಿದ್ದರೆ ಐದು ಸೆಂ.ಮೀ. ಅಂದರೆ ಬಾಕ್ಸ್ ಪೂರ್ತಿ ಸರಿಯಿದ್ದೂ ಬಾಕ್ಸೇ ಹೋಗಿದೆ ಎನಿಸುವಷ್ಟು ಆಟ ಎರಡು ಚಿಕ್ಕ ಕೀಲುಗಳಿಂದಲೇ ಬರಬಹುದು.

ಆಮೇಲೆ ಜಾಕ್. ಆಕ್ಸಲಿನ ಕೆಳಗೆ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಆಟ ಮಾಯವಾದರೆ ಹಬ್ ಬೇರಿಂಗ್, ಉಳಿದರೆ ಕಿಂಗ್ ಪಿನ್. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಕಂಡರೆ ಟೈ ರಾಡಿನ ತುದಿಗಳ ಕಡೆ ನೋಡಿ. ಬಲಗಡೆ ಡ್ರೈವರ್ ಕೂರುವ ನಮ್ಮ ಗಾಡಿಗಳಲ್ಲಿ ಡ್ರ್ಯಾಗ್ ಲಿಂಕ್ ಸಾಮಾನ್ಯವಾಗಿ ಬಲಗಾಲಿಯನ್ನು ತಿರುಗಿಸುತ್ತದೆ, ಎಡಗಾಲಿ ಟೈ ರಾಡಿನ ಮೂಲಕ ಅದನ್ನು ಹಿಂಬಾಲಿಸುತ್ತದೆ. ಆದ್ದರಿಂದಲೇ ಟೈ ರಾಡಿನ ಸವೆತ ವ್ಹೀಲಿಗಿಂತ ಮೊದಲು ಎಡಗಡೆಯ ಟೈರಿನ ಅಂಚಿನಲ್ಲಿ ಕಾಣಿಸುತ್ತದೆ.

ವ್ಹೀಲಿನಲ್ಲಿ ಆಟವೇ ಇಲ್ಲದೆ ಗಾಡಿ ಮಾತ್ರ ರಸ್ತೆಯ ಮೇಲೆ ಓಲಾಡುತ್ತಿದ್ದರೆ ಅದು ಬೇರೆ ಕಾಯಿಲೆ: ಟೈರಿನ ಗಾಳಿ, ಪಾಟಾದ ಪಿನ್ನು ಮತ್ತು ಬುಷ್, ಸಡಿಲವಾದ ಯು ಬೋಲ್ಟು. ಅದಕ್ಕೆ ಸ್ಟೇರಿಂಗ್ ಬಿಚ್ಚಬೇಕಾಗಿಲ್ಲ.

ಮೊದಲ ಆಯ್ಕೆ: ಸ್ಕ್ರೂ ಬಿಗಿಸುವುದು

ಬಾಕ್ಸಿನ ಪಕ್ಕದ ಮುಚ್ಚಳದಲ್ಲಿ ಲಾಕ್ ನಟ್ ಸಹಿತ ಇರುವ ಸ್ಕ್ರೂ ಡ್ರಾಪ್ ಆರ್ಮ್ ಕೂತ ಸೆಕ್ಟರ್ ಶಾಫ್ಟಿನ ಹಲ್ಲುಗಳನ್ನು ಒಳಗೆ ಬಾಲ್‌ಗಳ ಮೇಲೆ ಓಡುವ ನಟ್ಟಿನ ಹಲ್ಲುಗಳಿಗೆ ಹತ್ತಿರ ಒತ್ತುತ್ತದೆ. ಸಾಮಾನು ಬೇಡ, ಅರ್ಧ ಗಂಟೆಯ ಕೆಲಸ, ಚಹಾದ ದುಡ್ಡಿನಲ್ಲಿ ಮುಗಿಯುತ್ತದೆ. ಸವೆತ ಕಡಿಮೆಯಿದ್ದು, ದೋಷ ನಿಜಕ್ಕೂ ಬಾಕ್ಸಿನ ಒಳಗಿದ್ದರೆ ಇದು ಸರಿಯಾದ ಕೆಲಸವೇ, ಗಾಡಿ ತಯಾರಿಸಿದವರೇ ಆ ಸ್ಕ್ರೂ ಇಟ್ಟಿರುವುದು ಅದಕ್ಕಾಗಿಯೇ.

ಆದರೆ ಇದರಷ್ಟು ದುರುಪಯೋಗವಾಗುವ ಸ್ಕ್ರೂ ಲಾರಿಯಲ್ಲಿ ಇನ್ನೊಂದಿಲ್ಲ. ಬಾಕ್ಸಿನ ಹಲ್ಲುಗಳು ನಡುಮಧ್ಯದಲ್ಲಿ, ಅಂದರೆ ಗಾಲಿ ನೆಟ್ಟಗಿರುವ ಸ್ಥಾನದಲ್ಲಿ, ಸ್ವಲ್ಪ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ಗಾಡಿಯ ಆಯುಷ್ಯವೆಲ್ಲ ಹೆಚ್ಚಾಗಿ ನೆಟ್ಟಗೆ ಓಡುವುದರಲ್ಲಿ ಕಳೆಯುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಆ ಮಧ್ಯದ ಆಟವನ್ನು ಪೂರ್ತಿ ತೆಗೆಯುವಷ್ಟು ಬಿಗಿಸಿದರೆ, ಸವೆಯದ ಎರಡೂ ಬದಿಗಳಲ್ಲಿ ಹಲ್ಲು ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟಿನಲ್ಲಿ ಇದು ಗೊತ್ತಾಗುವುದಿಲ್ಲ. ನನಗೆ ಗೊತ್ತಾದದ್ದು ದೇವಿಮನೆಯಲ್ಲಿ. ಶಿರಸಿಗೆ ಚಿರೇಕಲ್ಲು ತುಂಬಿಸಿಕೊಂಡು ಹೊರಡುವ ಹಿಂದಿನ ಸಂಜೆ ಒಂದು ಗ್ಯಾರೇಜಿನಲ್ಲಿ ಸ್ಕ್ರೂ ಬಿಗಿಸಿಕೊಂಡಿದ್ದೆ. ಪೇಟೆಯಲ್ಲಿ ಓಡಿಸಿ ನೋಡಿದಾಗ ಹೊಸ ಗಾಡಿಯಂತೆ ಅನಿಸಿತ್ತು. ಮರುದಿನ ಘಟ್ಟದ ಮೊದಲ ದೊಡ್ಡ ತಿರುವಿನಲ್ಲಿ ವ್ಹೀಲ್ ಬಿಟ್ಟರೆ ತಾನಾಗಿ ಹಿಂದಕ್ಕೆ ಬರಬೇಕಾದದ್ದು ಬರಲೇ ಇಲ್ಲ. ಎರಡೂ ಕೈಯಲ್ಲಿ ಎಳೆದು ನೆಟ್ಟಗೆ ಮಾಡಿದೆ. ಮೇಲಿನವರೆಗೆ ಪ್ರತಿ ತಿರುವಿನಲ್ಲೂ ಹಾಗೆಯೇ. ಇಳಿಯುವಾಗ ಖಾಲಿ ಗಾಡಿಯಾದ್ದರಿಂದ ಬದುಕಿಕೊಂಡೆ ಎಂದರೂ ತಪ್ಪಿಲ್ಲ. ಆಮೇಲೆ ಬಾಕ್ಸ್ ಬಿಚ್ಚಿಸಿದಾಗ ಒಳಗಿನ ಬಾಲ್ ಓಡುವ ದಾರಿಯಲ್ಲಿ ಗುಳಿಗಳು ಬಿದ್ದಿದ್ದವು, ಸ್ಕ್ರೂವನ್ನು ಅದಕ್ಕೂ ಹಿಂದೆ ಯಾರೋ ಎರಡು ಮೂರು ಸಲ ಬಿಗಿಸಿದ ಗುರುತೂ ಇತ್ತು.

ಸರಿಯಾಗಿ ಮಾಡುವುದೆಂದರೆ, ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಬಿಡಿಸಿ, ವ್ಹೀಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿ ಅರ್ಧಕ್ಕೆ ತಂದು ನಿಲ್ಲಿಸಿ, ಅಲ್ಲಿ ಮಾತ್ರ ಆಟ ಹೋಗುವಷ್ಟು ಬಿಗಿಸಬೇಕು. ನಂತರ ಕೊನೆಯಿಂದ ಕೊನೆಗೆ ಮತ್ತೆ ತಿರುಗಿಸಿ, ಎಲ್ಲಾದರೂ ಬಿಗಿ ಹಿಡಿದರೆ ಒಂದಿಷ್ಟು ಸಡಿಲಿಸಬೇಕು. ಆಟ ಸ್ವಲ್ಪ ಉಳಿಯುತ್ತದೆ, ಉಳಿಯಲಿ. ಇದನ್ನು ಮಾಡಿಸುವಾಗ ಲಿಂಕ್ ಬಿಡಿಸದೆ ನೇರವಾಗಿ ಸ್ಪ್ಯಾನರ್ ಹಾಕುವ ಮೆಕ್ಯಾನಿಕನನ್ನು ತಡೆಯಿರಿ. ಒಮ್ಮೆ ಹೀಗೆ ಸರಿಪಡಿಸಿದ ಆಟ ಕೆಲವೇ ವಾರಗಳಲ್ಲಿ ಮರಳಿ ಬಂದರೆ ಮತ್ತೆ ಬಿಗಿಸಬೇಡಿ, ಕೆಳಗಿನ ಬೇರೆ ಆಯ್ಕೆಗೆ ಹೋಗಿ.

ಕೀಲುಗಳು: ಮೊದಲ ದುಡ್ಡು ಇಲ್ಲಿಗೆ

ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೂ ಒಂದು ಬಾಕ್ಸಿನ ರಿಪೇರಿಗಿಂತ ಕಡಿಮೆ ಖರ್ಚು, ಕೆಲಸ ಒಂದೇ ದಿನದ್ದು, ಸಾಮಾನು ಸಾಮಾನ್ಯವಾಗಿ ಜಿಲ್ಲೆಯೊಳಗೇ ಸಿಗುತ್ತದೆ. ನನ್ನ ನಾಲ್ಕು ಅಳತೆಗೋಲುಗಳಲ್ಲಿ ಮೂರರಲ್ಲಿ ಇದೇ ಮುಂದೆ.

ಇಲ್ಲಿ ಪೈಪೋಟಿ ಇರುವುದು ಹೊಸ ತುದಿಗೂ ಹಳೆಯದನ್ನು ಬಿಗಿಸಿಕೊಳ್ಳುವುದಕ್ಕೂ ನಡುವೆ. ಕೆಲವು ಹಳೆಯ ಲಿಂಕುಗಳಲ್ಲಿ ಸ್ಪ್ರಿಂಗ್ ಮತ್ತು ಮರೆಯುಳ್ಳ (ಥ್ರೆಡ್ ಇರುವ) ಪ್ಲಗ್ ಇರುತ್ತದೆ, ಸ್ಪ್ಲಿಟ್ ಪಿನ್ ತೆಗೆದು ಅದನ್ನು ಬಿಗಿಸಿದರೆ ಆಟ ಹೋಗುತ್ತದೆ. ಬಾಲ್ ಗುಂಡಗೆ ಉಳಿದಿದ್ದರೆ ಇದು ನ್ಯಾಯವಾದ ಉಳಿತಾಯ. ಬಾಲ್ ಒಂದು ಬದಿ ಚಪ್ಪಟೆಯಾಗಿದ್ದರೆ ಬಿಗಿಸಿದ್ದು ನೆಟ್ಟಗಿರುವಾಗ ಸರಿ, ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಮಾದರಿಯ ತುದಿಗಳ ತಳವನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವುದು, ಇಲ್ಲವೇ ವೆಲ್ಡಿಂಗ್ ಮಾಡಿ ತುಂಬುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ಸ್ಟೇರಿಂಗಿನ ಕೊಂಡಿಗಳಿಗೆ ವೆಲ್ಡಿಂಗ್ ಹತ್ತಿರವೂ ಸುಳಿಯಬಾರದು. ಬಡಿದು ರೂಪಿಸಿದ ಉಕ್ಕಿಗೆ ಕಾವು ಕೊಟ್ಟರೆ ಅದರ ಗಟ್ಟಿತನ ಹೋಗಿ ಪಕ್ಕದಲ್ಲೇ ಬಿರುಕಿಗೆ ದಾರಿಯಾಗುತ್ತದೆ. ಬಗ್ಗಿದ ಟೈ ರಾಡನ್ನು ಕಾಯಿಸಿ ನೆಟ್ಟಗೆ ಮಾಡುವುದಕ್ಕೂ ಇದೇ ಮಾತು.

ರಬ್ಬರ್ ಟೋಪಿಯನ್ನು ಕರಾವಳಿಯವರು ಹಗುರವಾಗಿ ನೋಡಬಾರದು. ಮೀನು ಮತ್ತು ಐಸ್ ತುಂಬಿದ ಗಾಡಿಗಳು ರಸ್ತೆಯುದ್ದಕ್ಕೂ ಉಪ್ಪುನೀರು ಸುರಿಸಿಕೊಂಡು ಹೋಗುತ್ತವೆ, ಹಿಂದೆ ಬರುವ ಗಾಡಿಗಳ ಮುಂಗಾಲಿ ಅದನ್ನು ಚಿಮ್ಮಿಸುತ್ತದೆ. ಹರಿದ ಟೋಪಿಯೊಳಗೆ ಆ ನೀರೂ ಮರಳೂ ಸೇರಿದರೆ ಗ್ರೀಸ್ ಅರೆಯುವ ಕಲ್ಲಾಗುತ್ತದೆ. ಟೋಪಿ ಹರಿದು, ಕೀಲು ಇನ್ನೂ ಬಿಗಿಯಿದ್ದರೆ ಟೋಪಿಯನ್ನಷ್ಟೇ ಬದಲಿಸಿ ಕೀಲನ್ನು ಉಳಿಸಿಕೊಳ್ಳಬಹುದು. ಇಡೀ ಲಾರಿಯಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ನನಗೆ ಗೊತ್ತಿಲ್ಲ.

ತುದಿಗಳನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತು ಎಂದು ಎಣಿಸಿ ಅಷ್ಟೇ ಸುತ್ತು ಹೊಸದನ್ನು ಹಾಕಬೇಕು. ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಇರುತ್ತದೆ. ಆಮೇಲೆ ಮುಂಗಾಲಿಗಳ ಟೋ ಅಳತೆ, ಅಂದರೆ ಎರಡು ಗಾಲಿಗಳ ನಡುವಿನ ಅಂತರ ಮುಂದೆ ಮತ್ತು ಹಿಂದೆ ಎಷ್ಟು ಬೇರೆ ಎಂಬುದನ್ನು, ನೋಡಲೇಬೇಕು. ಅಲೈನ್‌ಮೆಂಟ್ ಯಂತ್ರ ಹತ್ತಿರವಿಲ್ಲದಿದ್ದರೆ ಟೈರಿನ ನಡುಗೆರೆಗಳ ಅಂತರವನ್ನು ಮುಂದೆಯೂ ಹಿಂದೆಯೂ ಹಬ್ಬಿನ ಎತ್ತರದಲ್ಲಿ ಅಳೆದು, ನಿಮ್ಮ ಮಾದರಿಯ ಪುಸ್ತಕ ಹೇಳುವ ಮಿ.ಮೀ. ಲೆಕ್ಕಕ್ಕೆ ತಂದುಕೊಂಡರೆ ಕೆಲಸ ನಡೆಯುತ್ತದೆ. ನೈಲಾನ್ ಟೈರಿನಿಂದ ರೇಡಿಯಲ್‌ಗೆ ಬದಲಾಗಿದ್ದರೆ ಆ ಲೆಕ್ಕವೂ ಬದಲಾಗುತ್ತದೆ. ಹೊಸ ಸ್ಪ್ಲಿಟ್ ಪಿನ್ನೇ ಹಾಕಿಸಿ, ಹಳೆಯದನ್ನು ನೆಟ್ಟಗೆ ಮಾಡಿ ಹಾಕಲು ಬಿಡಬೇಡಿ.

ಕಿಂಗ್ ಪಿನ್: ಬುಷ್ ಸಾಕೇ, ಇಡೀ ಕಿಟ್ ಬೇಕೇ?

ಕಿಂಗ್ ಪಿನ್ ಸವೆದ ಗಾಡಿಯ ಗಾಲಿ ಹೊಂಡ ದಾಟಿದ ಮೇಲೆ ಅದುರುತ್ತದೆ, ಟೈರಿನ ಒಂದು ಬದಿ ಬೇಗ ಸವೆಯುತ್ತದೆ, ವ್ಹೀಲ್ ಸಡಿಲ ಎನ್ನುವುದಕ್ಕಿಂತ ಭಾರ ಎನಿಸುವುದೂ ಉಂಟು. ಸಾಮಾನಿಗಿಂತ ಕೂಲಿ ಹೆಚ್ಚು ಬೀಳುವ ಕೆಲಸವಿದು. ತುಕ್ಕಿನಿಂದ ಕಚ್ಚಿಕೊಂಡ ಪಿನ್ನನ್ನು ಹೊರದೂಡಲು ಪ್ರೆಸ್ ಇಲ್ಲದ ಗ್ಯಾರೇಜಿನಲ್ಲಿ ದಿನವಿಡೀ ಸುತ್ತಿಗೆ ಬೀಳುತ್ತದೆ, ಕೊನೆಗೆ ಗ್ಯಾಸ್ ಹಚ್ಚಿ ಕಾಯಿಸುತ್ತಾರೆ. ಆದ್ದರಿಂದ ಇಲ್ಲಿ ಆಯ್ಕೆ ಮಾಡಬೇಕಾದುದು ಸಾಮಾನಿಗಿಂತ ಮೊದಲು ಗ್ಯಾರೇಜನ್ನು: ಪ್ರೆಸ್ ಮತ್ತು ರೀಮರ್ (ತೂತನ್ನು ಸರಿ ಅಳತೆಗೆ ತರುವ ಸಾಧನ) ಎರಡೂ ಇರುವಲ್ಲಿಗೆ ಹೋಗಿ, ಐವತ್ತು ಕಿಲೋಮೀಟರ್ ದೂರವಾದರೂ ಸರಿ.

ಪಿನ್ನಿನಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಇಲ್ಲದಿದ್ದರೆ ಬರೀ ಬುಷ್ ಬದಲಿಸಿ ಸಾಗಬಹುದು, ಒಂದೆರಡು ವರ್ಷದಲ್ಲಿ ಗಾಡಿ ಮಾರುವವರಿಗೆ ಅದು ಸಾಕು. ಇಟ್ಟುಕೊಳ್ಳುವವರು ಪಿನ್, ಬುಷ್, ಥ್ರಸ್ಟ್ ಬೇರಿಂಗ್, ಶಿಮ್, ಸೀಲ್ ಇರುವ ಇಡೀ ಕಿಟ್ಟನ್ನೇ ಎರಡೂ ಬದಿಗೆ ಹಾಕಿಸುವುದು ಲೇಸು, ಏಕೆಂದರೆ ಕೂಲಿ ಎರಡಕ್ಕೂ ಒಂದೇ. ಲೇತಿನಲ್ಲಿ ಮಾಡಿಸುವ ಗನ್‌ಮೆಟಲ್ ಬುಷ್ ಬಗ್ಗೆ ಹಲವರು ಕೇಳುತ್ತಾರೆ. ಗ್ರೀಸ್ ಓಡುವ ಗೀರು ಸರಿಯಾಗಿ ಕೊರೆದು, ಕೂರಿಸಿದ ಮೇಲೆ ಮೇಲಿನ ಕೆಳಗಿನ ಎರಡೂ ಬುಷ್‌ಗಳನ್ನು ಒಂದೇ ಗೆರೆಯಲ್ಲಿ ರೀಮ್ ಮಾಡುವ ಲೇತಿನವನು ನಿಮಗೆ ಗೊತ್ತಿದ್ದರೆ ಅದು ಅಂಗಡಿಯ ಬುಷ್‌ಗೆ ಏನೂ ಕಡಿಮೆಯಲ್ಲ. ಗೊತ್ತಿಲ್ಲದಿದ್ದರೆ ಅಂಗಡಿಯದ್ದೇ ಒಳ್ಳೆಯದು. ಪಿನ್ ಕೂರುವ ಆಕ್ಸಲಿನ ಕಣ್ಣೇ ಅಗಲವಾಗಿದ್ದರೆ ಹೊಸ ಕಿಟ್ಟೂ ಬೇಗ ಸಡಿಲವಾಗುತ್ತದೆ. ಪಿನ್ ಹೊರತೆಗೆದ ದಿನವೇ ಅದನ್ನು ಅಳೆಯಲು ಹೇಳಿ, ಕೊರೆದು ಸ್ಲೀವ್ ಹಾಕುವುದೋ ದಪ್ಪ ಪಿನ್ ತರಿಸುವುದೋ ಎಂದು ಅಲ್ಲೇ ತೀರ್ಮಾನಿಸಿ.

ಗ್ರೀಸ್ ಹೊಡೆಯುವುದು ಜಾಕ್ ಕೊಟ್ಟು ಗಾಲಿ ಎತ್ತಿದ ಮೇಲೆ. ಭಾರ ಕೂತಿರುವಾಗ ಹೊಡೆದ ಗ್ರೀಸ್ ಬೇಕಾದ ಬದಿಗೆ ಹೋಗುವುದಿಲ್ಲ.

ಬಾಕ್ಸ್: ಬಿಚ್ಚಿಸಬೇಕೇ, ಬದಲಿಸಬೇಕೇ, ಗುಜರಿಯಿಂದ ತರಬೇಕೇ?

ಕೀಲು, ಪಿನ್, ಬೇರಿಂಗ್ ಎಲ್ಲ ಸರಿಯಿದ್ದೂ ಡ್ರಾಪ್ ಆರ್ಮ್ ತಡಮಾಡುತ್ತಿದ್ದರೆ, ಸ್ಕ್ರೂ ಅದನ್ನು ಸರಿಪಡಿಸದಿದ್ದರೆ, ಆಗ ಮಾತ್ರ ಈ ಪ್ರಶ್ನೆ. ಡ್ರಾಪ್ ಆರ್ಮನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಒತ್ತಿದಾಗ ಶಾಫ್ಟ್ ತನ್ನ ಗೂಡಿನಲ್ಲೇ ಅಲುಗಿದರೆ, ಸೀಲಿನಿಂದ ಎಣ್ಣೆ ಸೋರುತ್ತಿದ್ದರೆ, ಆದರೆ ತಿರುಗಿಸುವಾಗ ನುಣುಪಾಗಿದ್ದರೆ, ಅದು ಬುಷ್ ಮತ್ತು ಸೀಲಿನ ಕಾಯಿಲೆ. ಬಿಚ್ಚಿ ಕಿಟ್ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ತಿರುಗಿಸುವಾಗ ಮರಳು ಅರೆದಂತೆ ಕೈಗೆ ಒರಟು ಹತ್ತಿದರೆ ಬಾಲ್ ಓಡುವ ದಾರಿ ಗುಳಿಬಿದ್ದಿದೆ, ಅದಕ್ಕೆ ಕಿಟ್ ಹಾಕುವುದು ಕೊಳೆತ ಮರಕ್ಕೆ ಬಣ್ಣ ಹೊಡೆದಂತೆ.

ಅಂಥ ಬಾಕ್ಸಿಗೆ ಮೂರು ದಾರಿ. ಹೊಸದು ನಿಶ್ಚಿಂತೆ, ಆದರೆ ಇಪ್ಪತ್ತು ವರ್ಷದ ಗಾಡಿಗೆ ಹಾಕಿದ ದುಡ್ಡು ಮಾರುವಾಗ ಮರಳುವುದಿಲ್ಲ. ಘಟ್ಟದಲ್ಲಿ ದಿನವೂ ದುಡಿಯುವ, ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಗಾಡಿಗೆ ಮಾತ್ರ ಲೆಕ್ಕ ಕೂಡುತ್ತದೆ. ಹಳೆಯ ಬಾಕ್ಸ್ ಕೊಟ್ಟು ರಿಪೇರಿಯಾದ ಬಾಕ್ಸ್ ತೆಗೆದುಕೊಳ್ಳುವುದರಲ್ಲಿ ಗಾಡಿ ನಿಲ್ಲುವ ದಿನ ಕಡಿಮೆ, ಖರ್ಚು ನಡುವಿನದ್ದು. ಒಳಗೆ ಏನೇನು ಹೊಸದು ಹಾಕಿದ್ದಾರೆ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡರೆ ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ಗುಜರಿಯ ಬಾಕ್ಸ್ ಅಗ್ಗ, ಮತ್ತು ಕೈಯಲ್ಲಿ ಪರೀಕ್ಷಿಸಲು ಬರುವವರಿಗೆ ಒಳ್ಳೆಯ ಬೇಟೆ. ಬೆಂಚಿನ ಮೇಲಿಟ್ಟು ಕೊನೆಯಿಂದ ಕೊನೆಗೆ ತಿರುಗಿಸಿ ನೋಡಿ: ನಡುಮಧ್ಯದಲ್ಲಿ ಬಿಗಿ ಸ್ವಲ್ಪ ಹೆಚ್ಚಾಗಬೇಕು. ನಡುವೆಯೇ ಸಡಿಲಾಗಿ ಬದಿಗಳಲ್ಲಿ ಬಿಗಿಯಿದ್ದರೆ ನಿಮ್ಮ ಬಾಕ್ಸಿನ ಕಾಯಿಲೆಯೇ ಅದಕ್ಕೂ ಇದೆ. ಒಟ್ಟು ಸುತ್ತುಗಳು ನಿಮ್ಮ ಹಳೆಯದಕ್ಕೆ ಸರಿಹೊಂದಬೇಕು, ಡ್ರಾಪ್ ಆರ್ಮ್ ಕೂರುವ ಹಲ್ಲುಗೆರೆಗಳು ಒಂದೇ ಆಗಿರಬೇಕು, ಆರ್ಮ್ ತಿರುಗುವ ದಿಕ್ಕೂ ಒಂದೇ ಆಗಿರಬೇಕು. ಹೊರಗಿನಿಂದ ಒಂದೇ ತರಹ ಕಾಣುವ ಬಾಕ್ಸು ಬೇರೆ ಮಾದರಿಯ ಗಾಡಿಯದ್ದಾಗಿದ್ದರೆ ಇವುಗಳಲ್ಲೇ ಎಲ್ಲೋ ತಪ್ಪುತ್ತದೆ.

ಯಾವ ದಾರಿಯಾದರೂ, ಡ್ರಾಪ್ ಆರ್ಮನ್ನು ಸುತ್ತಿಗೆಯಿಂದ ಹೊಡೆದು ಬಿಡಿಸುವವರಿಗೆ ಬಾಕ್ಸ್ ಕೊಡಬೇಡಿ. ಆ ಏಟು ಒಳಗಿನ ಬಾಲ್ ಮತ್ತು ಬೇರಿಂಗಿನ ದಾರಿಯ ಮೇಲೆಯೇ ಬೀಳುತ್ತದೆ. ಎಳೆಯುವ ಪುಲ್ಲರ್ ಬೇಕು.

ಪವರ್ ಸ್ಟೇರಿಂಗ್ ಎಂಬ ಆಸೆ

ಇದನ್ನು ಆಟದ ಔಷಧವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪವರ್ ಸ್ಟೇರಿಂಗ್ ಭಾರ ಕಡಿಮೆ ಮಾಡುತ್ತದೆ. ಸವೆದ ಕೀಲು ಹಾಗೆಯೇ ಇದ್ದರೆ, ಹೆಚ್ಚಿದ ಬಲದಿಂದ ಅದನ್ನು ಇನ್ನಷ್ಟು ಬೇಗ ಸವೆಸುತ್ತದೆ. ಬಾಕ್ಸ್, ಪಂಪ್, ಎಣ್ಣೆಯ ಡಬ್ಬಿ, ಹೋಸು, ಬ್ರಾಕೆಟ್ ಎಲ್ಲ ಸೇರಿ ಇದುವರೆಗೆ ಹೇಳಿದ ಆಯ್ಕೆಗಳಲ್ಲಿ ಅತಿ ದುಬಾರಿ. ಅದೇ ಮಾದರಿಗೆ ಕಂಪನಿಯೇ ಪವರ್ ಸ್ಟೇರಿಂಗ್ ಕೊಟ್ಟಿದ್ದು, ಅದರ ಸಾಮಾನು ಪೂರ್ತಿಯಾಗಿ ಸಿಗುವಂತಿದ್ದರೆ ಮಾತ್ರ ಯೋಚಿಸಿ. ಬೇರೆ ಗಾಡಿಯದ್ದನ್ನು ಕತ್ತರಿಸಿ ಕೂರಿಸುವುದು ಬೇಡ. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕುತ್ತದೆ, ಹಾಗಾಗಿ ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಂಡು ಬನ್ನಿ. ಭುಜ ಸೋತ ಡ್ರೈವರ್, ಹತ್ತು ಗಾಲಿಯ ಗಾಡಿ, ದಿನವೂ ಘಟ್ಟ, ಈ ಮೂರೂ ಕೂಡಿದರೆ ಖರ್ಚಿಗೆ ಅರ್ಥವಿದೆ.

ಯಾರಿಗೆ ಯಾವುದು

ತಿಂಗಳಿಗೆ ನಾಲ್ಕಾರು ದಿನ ತೋಟದ ಗೊಬ್ಬರ, ಅಡಿಕೆ ಸಾಗಿಸಲು ಟಾಟಾ 407ರಂಥ ಚಿಕ್ಕ ಲಾರಿ ಇಟ್ಟುಕೊಂಡ ಶಿರಸಿ, ಸಿದ್ದಾಪುರದ ಬೆಳೆಗಾರರಿಗೆ ಕೀಲುಗಳನ್ನು ಬದಲಿಸಿ, ಸ್ಕ್ರೂವನ್ನು ಮೇಲೆ ಹೇಳಿದ ಕ್ರಮದಲ್ಲಿ ಒಮ್ಮೆ ಸರಿಪಡಿಸಿಕೊಂಡರೆ ಸಾಕಾಗುವ ಸಂಭವ ಹೆಚ್ಚು. ನಿಂತೇ ಇರುವ ಗಾಡಿಯ ಕಿಂಗ್ ಪಿನ್ ಸವೆಯುವುದಕ್ಕಿಂತ ತುಕ್ಕು ಹಿಡಿಯುವುದು ಜಾಸ್ತಿ, ಆದ್ದರಿಂದ ಅವರು ಗ್ರೀಸಿಗೆ ಜಿಪುಣತನ ಮಾಡಬಾರದು. ರಾತ್ರಿ ಕಾರವಾರದಿಂದ ಮೀನು ಹೊತ್ತು ವೇಗವಾಗಿ ಓಡುವ ಗಾಡಿಗಳಿಗೆ ಹೆದ್ದಾರಿ ಸಮತಟ್ಟಾದರೂ ವೇಗವೇ ಅಪಾಯ. ಉಪ್ಪುನೀರಿನ ಕಾರಣಕ್ಕೆ ಟೋಪಿ, ಕೀಲು, ಕಿಂಗ್ ಪಿನ್ ಕಿಟ್ ಅವರ ಮೊದಲ ಖರ್ಚು. ಕಲ್ಲು, ಮರಳು, ಸಿಮೆಂಟು ಹೇರಿ ಘಟ್ಟ ಹತ್ತುವವರು ಬಾಕ್ಸಿನ ಒರಟುತನವನ್ನು ಸ್ವಲ್ಪವೂ ಸಹಿಸಬಾರದು, ಏಕೆಂದರೆ ಅವರಿಗೆ ಆಟಕ್ಕಿಂತ ವ್ಹೀಲ್ ಮರಳಿ ಬರುವುದು ಮುಖ್ಯ. ವರ್ಷದೊಳಗೆ ಮಾರುವವರು ಬಾಕ್ಸಿಗೆ ಕೈ ಹಾಕದೆ ಕೀಲು ಮತ್ತು ಬುಷ್‌ಗೆ ನಿಲ್ಲಿಸಬಹುದು. ಕೊಳ್ಳುವವನಿಗೆ ಉಳಿದ ಆಟದ ಬಗ್ಗೆ ಹೇಳಿ ಬೆಲೆಯಲ್ಲಿ ಬಿಟ್ಟುಕೊಡುವುದು ಇಬ್ಬರಿಗೂ ಅಗ್ಗ.

ಎಲ್ಲವೂ ಸವೆದಿದ್ದು ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ, ಕಳಚಿ ಬೀಳಬಲ್ಲದ್ದಕ್ಕೆ ಮೊದಲು, ಅಂದರೆ ಬಾಲ್ ಜಾಯಿಂಟು, ಅವುಗಳ ಪಿನ್ನು, ಬಾಕ್ಸ್ ಕೂತ ಬೋಲ್ಟು, ಹಬ್ ಬೇರಿಂಗು; ಮುಂದಿನ ತಿಂಗಳು ಕಿಂಗ್ ಪಿನ್; ಕೊನೆಗೆ ಬಾಕ್ಸ್. ಅಷ್ಟರವರೆಗೆ ಘಟ್ಟದ ಬಾಡಿಗೆ ಒಪ್ಪಿಕೊಳ್ಳಬೇಡಿ.

ರಿಪೇರಿಯ ನಂತರ ಒಂದು ವಾರ ಓಡಿಸಿ, ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು, ಹೊಸ ಕೀಲುಗಳು ತಮ್ಮ ಗೂಡಿನಲ್ಲಿ ಕೂರಲು ಅಷ್ಟು ದಿನ ತೆಗೆದುಕೊಳ್ಳುತ್ತವೆ. ನನ್ನ ಲಾರಿಯಲ್ಲಿ ಈಗಿರುವುದು ಹಳೆಯದನ್ನು ಕೊಟ್ಟು ತೆಗೆದುಕೊಂಡ ಬಾಕ್ಸ್, ಅಂಗಡಿಯ ಬುಷ್, ನಾಲ್ಕು ಹೊಸ ತುದಿಗಳು. ಕಳೆದ ವಾರ ವ್ಹೀಲಿನ ಅಂಚಿಗೆ ಟೇಪ್ ಹಿಡಿದು ಅಳೆದಾಗ ಆಟ 3 ಸೆಂ.ಮೀ. ಇತ್ತು, ಮತ್ತು ದೇವಿಮನೆಯ ತಿರುವಿನಲ್ಲಿ ಕೈ ಸಡಿಲಿಸಿದರೆ ವ್ಹೀಲ್ ತಾನಾಗಿಯೇ ಹಿಂದಕ್ಕೆ ಬರುತ್ತದೆ.